ಮಂಜಿಯೇರಿ ಬಂದವರು

1952ನೆಯ ಇಸವಿಯ ಕಾರ್ತಿಕ ಮಾಸ. ತುಳಸಿ ಪೂಜೆ ಮುಗಿದ ಮರುದಿನ ರಾತ್ರಿ ಊಟವಾದ ಮೇಲೆ, ಗಂಗೊಳ್ಳಿಯ ಬಂದರದಲ್ಲಿ ಒಂಬತ್ತು ವರ್ಷದ ಬಾಲೆಯೊಬ್ಬಳು ತನ್ನ ಸ್ಲೇಟನ್ನು ಎದೆಗವಚಿಕೊಂಡು ಮಂಜಿಯೊಂದನ್ನೇರಿದಳು. ಅವಳ ಹಿಂದೆ ಅವಳ ತಾಯಿ, ತಾಯಿಯ ಕಂಕುಳಲ್ಲಿ ಎಂಟು ತಿಂಗಳ ಕೂಸು, ಸೋದರಮಾವನ ಕೈಹಿಡಿದ ನಾಲ್ಕು ವರ್ಷದ ತಮ್ಮ. ಇವರಿಗೂ ಮುಂಚೆ ಮಂಜಿಗೆ ಏರಿಸಿದ್ದ ಸಾಮಾನುಗಳು ಇವು: ಹಲಸಿನ ಮರದ ಪೆಟ್ಟಿಗೆಯೊಂದು, ಅಕ್ಕಿಯ ಎರಡು ಮುಡಿ, ಉಪ್ಪಿನಕಾಯಿಯ ಭರಣಿ, ಚಾಪೆಯ ಸುರುಳಿಗಳು, ಮತ್ತು ಹಸಿಮಣ್ಣಿನ ಉಂಡೆಯೊಡನೆ ಬಟ್ಟೆಯಲ್ಲಿ ಕಟ್ಟಿದ ತುಳಸಿಯ ಗಿಡ. ಮಂಜಿಯ ಹೊಟ್ಟೆಯ ತುಂಬ ಹೆಂಚು. ಹೆಂಚಿನ ಮೇಲೆ ಹಾಸಿದ ತೆಂಗಿನ ಗರಿಯ ಮೇಲೆ ಈ ಸಂಸಾರ. ಅವರು ಹೋಗಬೇಕಾಗಿದ್ದುದು ತೆಂಕಣ ದಿಕ್ಕಿಗೆ, ಕಾಸರಗೋಡಿಗೆ.

ಆ ಬಾಲೆಯು ನನ್ನ ಅಮ್ಮಮ್ಮ. ನನ್ನ ತಾಯಿಯ ತಾಯಿ. ಈ ಪಯಣದ ಕಥೆಯನ್ನು ಅವರ ಬಾಯಿಂದ ನಾನು ಎಳವೆಯಿಂದಲೂ ಕೇಳುತ್ತ ಬಂದವನು. ಬಹುಕಾಲ ಅದು ನನಗೆ ಬರಿಯ ಕಥೆಯಾಗಿದ್ದಿತು. ಅಧ್ಯಾಪಕನಾಗಿ ಐದನೆಯ ತರಗತಿಯ ಮಕ್ಕಳಿಗೆ ಸಮಾಜಪಾಠವನ್ನು ಹೇಳತೊಡಗಿದ ಮೇಲೆ, ಅದು ಚರಿತ್ರೆಯೂ ಹೌದೆಂಬುದು ನನಗೆ ಮನವರಿಕೆಯಾಯಿತು. ಅರಸರ ಹೆಸರುಗಳಿಂದ ಮಾತ್ರ ಚರಿತ್ರೆಯಾಗುವುದಿಲ್ಲ. ಜನರು ಯಾವ ದಾರಿಯಲ್ಲಿ ನಡೆದರು, ಏನನ್ನು ಹೊತ್ತು ತಂದರು, ಹಿಂದಿರುಗಿದರೋ ಇಲ್ಲವೋ ಎಂಬುದೂ ಚರಿತ್ರೆಯೇ. ಆ ದೃಷ್ಟಿಯಿಂದ ಈ ಒಂದು ಕಡಲ ಪಯಣವನ್ನು ನಮ್ಮ ವಾಚಕರ ಮುಂದಿಡುವ ಸಾಹಸ ಮಾಡುತ್ತಿದ್ದೇನೆ.

*

ಮೊದಲನೆಯ ಪ್ರಶ್ನೆ: ಕಡಲ ದಾರಿಯೇ ಏಕೆ? ಆಗ ಕುಂದಾಪುರವೂ ಕಾಸರಗೋಡೂ ಮದ್ರಾಸು ರಾಜ್ಯದ ದಕ್ಷಿಣ ಕನ್ನಡವೆಂಬ ಒಂದೇ ಜಿಲ್ಲೆಯ ಎರಡು ತಾಲೂಕುಗಳು. ನನ್ನ ಮುತ್ತಜ್ಜ ಪ್ರಾಥಮಿಕ ಶಾಲೆಯ ಅಧ್ಯಾಪಕರು. ಆ ವರ್ಷದ ಜೂನ್ ತಿಂಗಳಲ್ಲಿ ಅವರಿಗೆ ಜಿಲ್ಲೆಯ ಬಡಗಣ ತುದಿಯಿಂದ ತೆಂಕಣ ತುದಿಗೆ ವರ್ಗವಾಯಿತು. ಒಬ್ಬಂಟಿಯಾದ ಅವರು ಒಂದು ಕೊಡೆ, ಒಂದು ಚೀಲ ಹಿಡಿದು ಹೊರಟುಹೋದರು. ಹೊಳೆ ಬಂದಲ್ಲಿ ಮೋಟಾರಿನಿಂದಿಳಿದು, ದೋಣಿಯಲ್ಲಿ ದಾಟಿ, ಆಚೆಯ ದಡದಲ್ಲಿ ಇನ್ನೊಂದು ಮೋಟಾರನ್ನೇರಿ ಮಂಗಳೂರನ್ನು ಮುಟ್ಟಿ, ಅಲ್ಲಿಂದ ರೈಲಿನಲ್ಲಿ ಕಾಸರಗೋಡಿಗೆ ಹೋದರು. ಮಂಗಳೂರಿಗೆ ರೈಲು ಬಂದುದು 1907ರಲ್ಲಿ. ಆದರೆ ಆ ರೈಲು ತೆಂಕಣಕ್ಕೆ ಮಾತ್ರ ಓಡುತ್ತಿದ್ದಿತು. ಮಂಗಳೂರಿನಿಂದ ಬಡಗಣ ಕರಾವಳಿಗೆ ರೈಲು ಬರಲು 20ನೆಯ ಶತಮಾನದ ಕೊನೆಯ ದಶಕವೇ ಬರಬೇಕಾಯಿತು. ನಡುವಿನ ಹೊಳೆಗಳಲ್ಲಿ ಹಲವಕ್ಕೆ ಇನ್ನೂ ಸೇತುವೆಯಿರಲಿಲ್ಲ. ಕೂಸು, ಮುಡಿ, ಪೆಟ್ಟಿಗೆಗಳೊಡನೆ ಅಷ್ಟು ಕಡೆ ಇಳಿದು ಹತ್ತುವುದು ಹೆಂಗಸೊಬ್ಬಳಿಗೆ ಸುಲಭವಾಗಿರಲಿಲ್ಲ. ಮಳೆಗಾಲ ಮುಗಿದು ಕಡಲು ತೆರೆದ ಮೇಲೆ, ಸೋದರಮಾವನಿಗೆ ಪರಿಚಿತನಾದ ತಂಡೇಲನೊಬ್ಬನ ಮಂಜಿಯು ಹೆಂಚು ಹೇರಿಕೊಂಡು ನೇರವಾಗಿ ಕಾಸರಗೋಡಿಗೆ ಹೋಗುವುದೆಂದು ತಿಳಿದುಬಂದಿತು. ಮನೆಯ ಬಾಗಿಲಲ್ಲಿ ಏರಿ ಹೊಸ ಮನೆಯ ಬಳಿ ಇಳಿಯುವ ದಾರಿ ಅದೊಂದೇ.

ಇಂದಿನ ಮಕ್ಕಳಿಗೆ ಇದು ವಿಚಿತ್ರವಾಗಿ ತೋರಬಹುದು. ಆದರೆ ನಮ್ಮ ಕರಾವಳಿಯ ಭೂಪಟವನ್ನು ಗೋಡೆಗೆ ತೂಗುಹಾಕಿ ನೋಡಿರಿ. ಘಟ್ಟದಲ್ಲಿ ಹುಟ್ಟಿದ ಹೊಳೆಗಳೆಲ್ಲ ಮೂಡಣದಿಂದ ಪಡುವಣಕ್ಕೆ ಓಡಿ ನೆಲವನ್ನು ತುಂಡುತುಂಡಾಗಿ ಕತ್ತರಿಸಿವೆ. ಬಡಗಿನಿಂದ ತೆಂಕಿಗೆ ನೆಲದ ಮೇಲೆ ನಡೆಯುವವನಿಗೆ ಪ್ರತಿಯೊಂದು ಹೊಳೆಯೂ ಒಂದು ತಡೆ. ಕಡಲಲ್ಲಿ ಹೋಗುವವನಿಗೆ ಅದೇ ಹೊಳೆಯ ಅಳಿವೆಯು ಒಂದು ತಂಗುದಾಣ. ಆದುದರಿಂದಲೇ ಸಾವಿರಾರು ವರ್ಷ ನಮ್ಮ ಹೆದ್ದಾರಿಯು ನೀರಿನ ಮೇಲೆಯೇ ಇದ್ದಿತು.

*

ಮಂಜಿಯೆಂದರೆ ಏನು? ಸರಕು ಸಾಗಿಸುವ, ಅಗಲ ಹೊಟ್ಟೆಯ ಹಾಯಿಹಡಗು. ಪತ್ತೇಮಾರಿ, ಮಚ್ವೆ ಮುಂತಾದುವೂ ಇದೇ ಕುಲದವು. ಅಮ್ಮಮ್ಮನ ಲೆಕ್ಕದಲ್ಲಿ ಅದು ‘ನಮ್ಮ ಶಾಲೆಯ ಎರಡು ತರಗತಿಗಳಷ್ಟು ಉದ್ದ’. ನಡುವೆ ಕೂವೆಮರ, ಅದಕ್ಕೆ ಓರೆಯಾಗಿ ಕಟ್ಟಿದ ಉದ್ದನೆಯ ಅಡ್ಡಮರ, ಆ ಮರದಿಂದ ಇಳಿಬಿದ್ದ ಮುಮ್ಮೂಲೆಯ ಹಾಯಿ. ಹಿಂಬದಿಯಲ್ಲಿ ಚುಕ್ಕಾಣಿ. ಹಲಗೆಗಳಿಗೆ ಬಳಿದ ಮೀನೆಣ್ಣೆಯ ವಾಸನೆ. ಮರದ ಪೆಟ್ಟಿಗೆಯಲ್ಲಿ ಮಣ್ಣು ಮೆತ್ತಿ ಮಾಡಿದ ಒಲೆ. ಅದರ ಮೇಲೆ ಖಲಾಸಿಗಳ ಕುಚ್ಚಲಕ್ಕಿಯ ಗಂಜಿ. ತಳದಲ್ಲಿ ಸದಾ ಜಿನುಗಿ ನಿಲ್ಲುವ ನೀರನ್ನು ಒಬ್ಬನು ಮೊಗೆಮೊಗೆದು ಚೆಲ್ಲುತ್ತಲೇ ಇರಬೇಕು. ‘ಹಡಗು ಒಡೆದಿದೆಯೆಂದೇ ನಾನು ತಿಳಿದೆ, ರಾತ್ರಿಯೆಲ್ಲ ಅವನು ಚೆಲ್ಲುವ ಸದ್ದನ್ನೇ ಕೇಳುತ್ತ ಕುಳಿತೆ’ ಎಂದು ಅಮ್ಮಮ್ಮ ಈಗಲೂ ಹೇಳುವುದುಂಟು.

ಹೊರಟುದು ಇಳಿತದ ನೀರಿನೊಡನೆ. ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಭರತ ಇಳಿತಗಳು ಬಲವಾಗಿರುತ್ತವೆ. ಅಳಿವೆಯ ಬಾಯಲ್ಲಿ ಮರಳಿನ ದಿಬ್ಬವಿರುವುದರಿಂದ, ಸರಕು ಹೇರಿದ ಹಡಗು ನೀರು ತುಂಬಿರುವಾಗಲೇ ಅದನ್ನು ದಾಟಬೇಕು. ಗಂಗೊಳ್ಳಿಯ ಅಳಿವೆಯಲ್ಲಿ ಐದು ಹೊಳೆಗಳ ನೀರು ಒಟ್ಟಾಗಿ ಕಡಲನ್ನು ಸೇರುತ್ತದೆ. ಭರತವು ತುಂಬಿ ನೀರು ಹಿಂದಿರುಗತೊಡಗಿದಾಗ ಖಲಾಸಿಗಳು ಲಂಗರೆತ್ತಿದರು. ನೆಲದ ಕಡೆಯಿಂದ ತಣ್ಣನೆಯ ಗಾಳಿ ಬೀಸುತ್ತಿದ್ದಿತು. ಮಂಜಿಯು ದೀಪವಿಲ್ಲದೆ, ಬೆಳದಿಂಗಳಲ್ಲಿ, ಸದ್ದಿಲ್ಲದೆ ಹೊರಗೆ ಸರಿಯಿತು. ಬಂದರದ ಕಟ್ಟೆಯ ಮೇಲೆ ನಿಂತಿದ್ದ ತಾಯಿಯ ತಾಯಿಗೆ ನನ್ನ ಮುತ್ತಜ್ಜಿ ಕೂಗಿ ಹೇಳಿದ ಮಾತು ಒಂದೇ: ‘ಬಪ್ಪು ಕಾರ್ತಿಕಕ್ಕೆ ಬತ್ತೆ ಅಮ್ಮಾ.’ ಬರುವ ಕಾರ್ತಿಕಕ್ಕೆ ಬರುವೆನೆಂದು ಅದರ ಅರ್ಥ. ವಾಚಕರು ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

*

ಆ ಅಳಿವೆಯಿಂದ ಸ್ವಲ್ಪ ಒಳಗೆ, ಹೊಳೆಯ ದಂಡೆಯಲ್ಲಿ, ಬಸರೂರೆಂಬ ಹಳೆಯ ಪಟ್ಟಣವಿದೆ. ಒಂದು ಕಾಲಕ್ಕೆ ಅದು ಕನ್ನಡ ನಾಡಿನ ದೊಡ್ಡ ಬಂದರಗಳಲ್ಲಿ ಒಂದಾಗಿದ್ದಿತು. ಇಲ್ಲಿಯ ಅಕ್ಕಿಯನ್ನು ಕೊಂಡೊಯ್ಯಲು ಪೋರ್ಚುಗೀಸರು ಹಾತೊರೆಯುತ್ತಿದ್ದರು. 1665ರ ಫೆಬ್ರವರಿಯಲ್ಲಿ ಶಿವಾಜಿಯು ಮಾಲವಣದಿಂದ 85 ಸಣ್ಣ ಯುದ್ಧನೌಕೆಗಳನ್ನೂ 3 ದೊಡ್ಡ ಹಡಗುಗಳನ್ನೂ ಕೂಡಿಸಿಕೊಂಡು ಕಡಲ ದಾರಿಯಲ್ಲಿ ಬಂದು ಈ ಬಸರೂರನ್ನೇ ಸೂರೆಗೊಂಡನು. ತೆಂಕಣಕ್ಕೆ ಬರುವಾಗ ಗಾಳಿಯು ಅವನ ಬೆನ್ನಿಗಿದ್ದಿತು. ಹಿಂದಿರುಗುವಾಗ ವಾಯವ್ಯದ ಎದುರುಗಾಳಿಯು ಅವನನ್ನು ಹಲವು ದಿನ ತಡೆಯಿತೆಂದು ಇತಿಹಾಸಕಾರರು ಬರೆದಿದ್ದಾರೆ. ನಮ್ಮ ಕರಾವಳಿಯ ಕಡಲ ಗುಣವೇ ಅಂತಹುದು: ಬೇಸಗೆಯ ತಿಂಗಳುಗಳಲ್ಲಿ ತೆಂಕಿಗೆ ಹೋಗುವುದು ಸುಲಭ, ಬಡಗಿಗೆ ಮರಳುವುದು ಕಷ್ಟ. ಅಷ್ಟು ದೊಡ್ಡ ಪಡೆಯ ಒಡೆಯನಿಗೂ ಗಾಳಿಯು ಬೇರೆ ನ್ಯಾಯವನ್ನು ಮಾಡಲಿಲ್ಲ.

ಮಂಜಿಯು ಅಂದು ರಾತ್ರಿ ಹಂಗಾರಕಟ್ಟೆಯ ಅಳಿವೆಯ ಎದುರು ಹಾದುಹೋಯಿತು. ಆ ಅಳಿವೆಯ ಒಳಗಿರುವುದು ಬಾರ್ಕೂರು, ಆಳುಪರ ರಾಜಧಾನಿ. 14ನೆಯ ಶತಮಾನದಲ್ಲಿ, 1342ರಲ್ಲಿ ದಿಲ್ಲಿಯನ್ನು ಬಿಟ್ಟು ಹೊರಟ ಇಬ್ನ್ ಬತೂತನೆಂಬ ಮೊರಾಕ್ಕೋ ದೇಶದ ಪ್ರವಾಸಿಯು ಇದೇ ದಾರಿಯಲ್ಲಿ ಹೋದನು. ಹೊನ್ನಾವರ, ಬಸರೂರು, ಬಾರ್ಕೂರು, ಮಂಗಳೂರು ಎಂಬ ಕ್ರಮದಲ್ಲಿ ಅವನು ಬಂದರಗಳನ್ನು ಎಣಿಸಿದ್ದಾನೆ. ಬಾರ್ಕೂರಿನ ಎದುರು ಹಾಯುವ ಹಡಗು ನಿಂತು, ಅಲ್ಲಿಯ ಅರಸನಿಗೆ ಕಾಣಿಕೆಯನ್ನೊಪ್ಪಿಸಿ ಮುಂದೆ ಹೋಗಬೇಕಾಗಿದ್ದಿತೆಂದು ಬರೆದಿದ್ದಾನೆ. ಹೊನ್ನಾವರದಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಶಾಲೆಗಳನ್ನು ಕಂಡೆನೆಂದೂ ಬರೆದಿದ್ದಾನೆ. ಅಧ್ಯಾಪಕ ಮಿತ್ರರು ಈ ಎರಡನೆಯ ಅಂಕಿಯನ್ನು ಗಮನಿಸಬೇಕು. ಆರು ನೂರು ವರ್ಷಗಳ ತರುವಾಯ ಅದೇ ಕಡಲ ಮೇಲೆ ಹೆಣ್ಣುಮಗುವೊಂದು ಸ್ಲೇಟನ್ನು ಹಿಡಿದು ಕುಳಿತಿದ್ದುದು, ನಾವು ಎಣಿಸಿದಷ್ಟು ಹೊಸ ಸಂಗತಿಯಲ್ಲ.

ಮಗುವಿಗೆ ನಿದ್ದೆ ಬರಲಿಲ್ಲ. ಚುಕ್ಕಾಣಿಯ ಬಳಿ ಕುಳಿತಿದ್ದ ತಂಡೇಲನು ಅವಳನ್ನು ಕರೆದು ಬೆನ್ನ ಹಿಂದಿನ ಆಕಾಶವನ್ನು ತೋರಿಸಿದನು. ‘ಕಾಣ್ ಮಗಾ, ಆ ನಕ್ಷತ್ರ. ಅದ್ ಬೆನ್ನಿಗ್ ಇಪ್ಪಲ್ಲಿವರಿಗೆ ನಾವ್ ತೆಂಕಕ್ಕೇ ಹೋಪುದ್’ ಎಂದನು. ಅದು ಧ್ರುವನಕ್ಷತ್ರ. ನಮ್ಮ ಕರಾವಳಿಯಲ್ಲಿ ಅದು ದಿಗಂತದಿಂದ ಸುಮಾರು 13 ಅಂಶಗಳಷ್ಟು ಮಾತ್ರ ಮೇಲಿರುತ್ತದೆ. ಒಂದು ಊರಿನ ಅಕ್ಷಾಂಶವೆಷ್ಟೋ ಅಲ್ಲಿ ಧ್ರುವನ ಎತ್ತರವೂ ಹೆಚ್ಚುಕಡಿಮೆ ಅಷ್ಟೇ. ತೆಂಕಣಕ್ಕೆ ಹೋದಂತೆ ಅದು ತಗ್ಗುತ್ತದೆ. ಹಿಂದಿನ ಅರಬ್ ನಾವಿಕರು ಗಂಟುಹಾಕಿದ ದಾರವನ್ನು ಒಂದು ಚಿಕ್ಕ ಹಲಗೆಗೆ ಕಟ್ಟಿ, ದಾರವನ್ನು ಹಲ್ಲಿನಲ್ಲಿ ಕಚ್ಚಿ, ಹಲಗೆಯನ್ನು ಕಣ್ಣೆದುರು ಹಿಡಿದು ಈ ಎತ್ತರವನ್ನು ಅಳೆಯುತ್ತಿದ್ದರು. ತಾವು ಮುಟ್ಟಬೇಕಾದ ಬಂದರದ ಅಳತೆಯ ಗಂಟಿಗೆ ನಕ್ಷತ್ರವು ಬಂದಾಗ ಕರೆಯತ್ತ ತಿರುಗುತ್ತಿದ್ದರು. ನಮ್ಮ ತಂಡೇಲನಿಗೆ ಹಲಗೆಯೂ ಬೇಕಾಗಿರಲಿಲ್ಲ. ಆತನಿಗೆ ಓದುಬರಹ ತಿಳಿಯದು. ಮಗುವಿನ ಸ್ಲೇಟನ್ನು ಕೈಗೆ ತೆಗೆದುಕೊಂಡು, ತನ್ನ ಹೆಸರನ್ನು ಅದರಲ್ಲಿ ಬರೆದು ತೋರಿಸೆಂದು ಕೇಳಿದನಂತೆ. ಬೆಳದಿಂಗಳಲ್ಲಿ ಅವಳು ಬರೆದಳು. ಆತನು ಬಹಳ ಹೊತ್ತು ನೋಡಿ, ‘ಇಷ್ಟೇಯಾ?’ ಎಂದು ನಕ್ಕು ಹಿಂದೆ ಕೊಟ್ಟನಂತೆ.

*

ಬೆಳಗಿನ ಜಾವ ಚಂದ್ರನು ಕಡಲಿಗಿಳಿದನು. ಬೆಳಕು ಹರಿದಾಗ ಎಡಗಡೆ ದೂರದಲ್ಲಿ ಮಲ್ಪೆಯ ಕರೆ. ಹತ್ತಿರದಲ್ಲಿ ತೆಂಗುಗಳುಳ್ಳ ಸಣ್ಣ ದ್ವೀಪಗಳು. ಅಲ್ಲಿಯ ಬಂಡೆಗಳು ಯಾರೋ ಕಂಬಗಳನ್ನು ಕಡೆದು ಒತ್ತೊತ್ತಾಗಿ ನೆಟ್ಟಂತಿವೆ. ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ, ಭಾರತವೂ ಮಡಗಾಸ್ಕರ್ ದ್ವೀಪವೂ ಬೇರ್ಪಡುತ್ತಿದ್ದ ಕಾಲದಲ್ಲಿ, ಭೂಗರ್ಭದಿಂದ ಹೊರಟ ಕಾದ ಶಿಲಾರಸವು ತಣಿದು ಬಿರಿತುದರಿಂದ ಈ ಕಂಬಗಳಾದುವೆಂದು ಭೂವಿಜ್ಞಾನಿಗಳು ಹೇಳುತ್ತಾರೆ. 1498ರಲ್ಲಿ ವಾಸ್ಕೊ ಡ ಗಾಮನು ಕಲ್ಲಿಕೋಟೆಯಿಂದ ಹಿಂದಿರುಗುವಾಗ ಇಲ್ಲಿ ಶಿಲುಬೆಯ ಗುರುತಿನ ಕಲ್ಲುಕಂಬವೊಂದನ್ನು ನಿಲ್ಲಿಸಿ, ಸಂತ ಮೇರಿಯ ಹೆಸರಿಟ್ಟನು. ಒಂಬತ್ತು ವರ್ಷದ ಮಗುವಿಗೆ ಇದಾವುದೂ ತಿಳಿದಿರಲಿಲ್ಲ. ‘ಕಡಲಲ್ಲಿ ಯಾರೋ ಕಟ್ಟಿಗೆ ಅಟ್ಟಿ ಇಟ್ಟಿದ್ದಾರೆ’ ಎಂದೇ ಅವಳು ತಮ್ಮನಿಗೆ ತೋರಿಸಿದಳು. ಭೂವಿಜ್ಞಾನದ ಪಾಠ ಹೇಳುವಾಗ ನಾನು ಈ ಉಪಮೆಯನ್ನೇ ಬಳಸುತ್ತಿದ್ದೇನೆ.

ಹೊತ್ತೇರಿದಂತೆ ನೆಲಗಾಳಿಯು ನಿಂತಿತು. ಕಡಲಗಾಳಿಯು ಇನ್ನೂ ಎದ್ದಿರಲಿಲ್ಲ. ನಡುವಿನ ಈ ಎರಡು ಮೂರು ಗಳಿಗೆಗಳೇ ಹಾಯಿಹಡಗಿನವರಿಗೆ ಬೇಸರದ ಹೊತ್ತು. ಹಾಯಿ ಜೋತುಬಿದ್ದು ಕೂವೆಮರಕ್ಕೆ ಪಟಪಟನೆ ಬಡಿಯಿತು. ಮಂಜಿಯು ಮುಂದೆ ಹೋಗದೆ ಇದ್ದಲ್ಲಿಯೇ ಹೊರಳಾಡಿತು. ಹೆಂಚಿನ ಧೂಳು, ಮೀನೆಣ್ಣೆಯ ವಾಸನೆ, ಏರುಬಿಸಿಲು: ಮಕ್ಕಳು ತಿಂದ ಅವಲಕ್ಕಿಯನ್ನೆಲ್ಲ ಕಕ್ಕಿದರು. ಕೂಸು ಅತ್ತು ಅತ್ತು ಬಸವಳಿಯಿತು. ಕುಡಿಯುವ ನೀರಿನ ಮಡಕೆಯು ಉರುಳಿ ಅರ್ಧ ನೀರು ಚೆಲ್ಲಿತು. ತಾಯಿಯು ಸೆರಗನ್ನು ಕಡಲ ನೀರಿನಲ್ಲಿ ಅದ್ದಿ ಕೂಸಿನ ತಲೆಯ ಮೇಲಿಟ್ಟು, ಉಳಿದ ನೀರಿನಿಂದ ಮೊದಲು ಕೂಸಿಗೂ ಮಗನಿಗೂ, ಬಳಿಕ ಮಗಳಿಗೂ ಗುಟುಕಿಸಿ, ಒಂದು ಗುಟುಕನ್ನು ತುಳಸಿಯ ಬೇರಿಗೆ ಎರೆದಳು. ತಾನು ಕುಡಿಯಲಿಲ್ಲ. ‘ಅಮ್ಮನಿಗೆ ಬಾಯಾರಿಕೆಯಿಲ್ಲವೆಂದೇ ನಾನು ಆಗ ನಂಬಿದ್ದೆ’ ಎನ್ನುವಾಗ ಅಮ್ಮಮ್ಮನ ಸ್ವರ ಇಳಿಯುತ್ತದೆ.

ಆಗಲೇ ಸೋದರಮಾವನು ಮಕ್ಕಳ ಗಮನವನ್ನು ಬೇರೆಡೆಗೆಳೆಯಲು ಮೂಡಣ ಘಟ್ಟದತ್ತ ಕೈತೋರಿದನು. ಮುಗಿಲ ಅಂಚಿನಲ್ಲಿ ಕುದುರೆಯ ಮುಖದಂತೆ ಒಂದು ಶಿಖರ. 1,890 ಮೀಟರುಗಳಿಗೂ ಮಿಗಿಲಾದ ಎತ್ತರದ ಕುದುರೆಮುಖವು ಘಟ್ಟದ ಮೇಲಿನವರಿಗೆ ಸಂಸೆಪರ್ವತ. ಕುದುರೆಯ ರೂಪ ಕಾಣುವುದು ಕಡಲಿನ ಕಡೆಯಿಂದ. ಕಡಲವರಿಗೆ ಅದು ದಿಕ್ಕು ತಿಳಿಸುವ ಗುರುತು.

*

ನಡುಹಗಲು ಕಳೆಯುತ್ತಲೇ ನೀರಿನ ಬಣ್ಣವು ಬದಲಾಯಿತು. ವಾಯವ್ಯದಿಂದ ಗಾಳಿ ಎದ್ದು ಹಾಯಿಯು ಒಮ್ಮೆಲೇ ಹೊಟ್ಟೆಯುಬ್ಬಿಸಿಕೊಂಡಿತು. ಖಲಾಸಿಗಳು ಹುಯ್ಯಲಿಟ್ಟು ಹಗ್ಗ ಬಿಗಿದರು. ಆ ಸಾಯಂಕಾಲದ ವೇಗವನ್ನು ಅಮ್ಮಮ್ಮ ಮರೆತಿಲ್ಲ. ಕಾಪುವಿನ ಬಂಡೆ, ಮುಲ್ಕಿಯ ಅಳಿವೆ ಎಲ್ಲವೂ ಹಿಂದೆ ಓಡಿದುವು. ಹೊತ್ತು ಕಂತುವಾಗ ಮಂಗಳೂರಿನ ಎದುರು ಇದ್ದರು. ನೇತ್ರಾವತಿ, ಗುರುಪುರ ಎಂಬೆರಡು ಹೊಳೆಗಳ ಕೂಡುಬಾಯಿ ಅದು. ಪರ್ಷಿಯದ ರಾಯಭಾರಿ ಅಬ್ದುರ್ ರಜಾಕನು 1443ರಲ್ಲಿ ಕಲ್ಲಿಕೋಟೆಯಿಂದ ಕಡಲ ಮೇಲೆ ಇಲ್ಲಿಗೆ ಬಂದು, ಘಟ್ಟವನ್ನೇರಿ ವಿಜಯನಗರಕ್ಕೆ ಹೋದನು. ಟಿಪ್ಪುಸುಲ್ತಾನನೂ ಇಂಗ್ಲಿಷರೂ 1784ರ ಮಾರ್ಚಿಯಲ್ಲಿ ಇಲ್ಲಿಯೇ ಸಂಧಿಯನ್ನು ಮಾಡಿಕೊಂಡರು. ಕನ್ನಡದ ಮೊದಲನೆಯ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವು 1843ರ ಜುಲೈ 1ರಂದು ಇಲ್ಲಿಯೇ ಹೊರಬಿದ್ದಿತು. 1865ರಲ್ಲಿ ಬಾಸೆಲ್ ಮಿಷನಿನವರು ಹೆಂಚಿನ ಕಾರ್ಖಾನೆಯನ್ನು ತೆರೆದುದೂ ಇಲ್ಲಿಯೇ. ಆ ಮಾದರಿಯ ಹೆಂಚೇ ಕರಾವಳಿಯ ಮಂಜಿಗಳ ಹೊಟ್ಟೆಯನ್ನು ನೂರು ವರ್ಷ ತುಂಬಿತು. ನನ್ನ ಅಮ್ಮಮ್ಮ ಮಲಗಿದ್ದುದು ಅಂತಹ ಹೆಂಚಿನ ಮೇಲೆಯೇ.

ಆ ರಾತ್ರಿ ಉಳ್ಳಾಲ, ಮಂಜೇಶ್ವರ, ಕುಂಬಳೆಗಳ ಎದುರು ಮಂಜಿಯು ಸಾಗಿತು. 16ನೆಯ ಶತಮಾನದಲ್ಲಿ ಪೋರ್ಚುಗೀಸರನ್ನು ಎದುರಿಸಿ ನಿಂತ ರಾಣಿ ಅಬ್ಬಕ್ಕನ ಊರು ಉಳ್ಳಾಲ. ಮಂಜೇಶ್ವರದಲ್ಲಿ ಆಗ ರಾಷ್ಟ್ರಕವಿ ಗೋವಿಂದ ಪೈಗಳು ಬದುಕಿದ್ದರು. ಕತ್ತಲಲ್ಲಿ ಇವೆಲ್ಲ ಕರೆಯ ಮೇಲಿನ ಒಂದೊಂದು ಮಿಣುಕು ದೀಪ ಮಾತ್ರ. ಮರುದಿನ ಮುಂಜಾನೆ ಕಾಸರಗೋಡಿನ ಎದುರು ಲಂಗರು ಬಿದ್ದಿತು. ಭರತದ ನೀರೇರುವ ತನಕ ಕಾದು, ಏರುನೀರಿನೊಡನೆ ಚಂದ್ರಗಿರಿ ಹೊಳೆಯ ಅಳಿವೆಯನ್ನು ಹೊಕ್ಕರು. ಬಲಗಡೆಯ ಗುಡ್ಡದ ಮೇಲೆ ಕೋಟೆ. ಎಡಗಡೆ ತಳಂಗರೆಯ ದಡ. ದಡದ ಮೇಲೆ ಬಿಳಿಯ ಪಂಚೆಯುಟ್ಟು ಕೊಡೆ ಹಿಡಿದ ಒಬ್ಬರು. ಮಗುವು ತಂದೆಯನ್ನು ಗುರುತಿಸಿದುದು ಕೊಡೆಯಿಂದ. ಎರಡು ರಾತ್ರಿ, ಒಂದೂವರೆ ಹಗಲು. ದಾರಿಯು ಸುಮಾರು 140 ಕಿಲೋಮೀಟರು.

*

ಮಕ್ಕಳ ನೆನಪನ್ನು, ಅದೂ ಎಪ್ಪತ್ತು ವರ್ಷಗಳ ಬಳಿಕ ಹೇಳಿದ ನೆನಪನ್ನು, ಚರಿತ್ರೆಯೆಂದು ನಂಬಬಹುದೇ? ಈ ಪ್ರಶ್ನೆಯನ್ನು ನನ್ನ ವಿದ್ಯಾರ್ಥಿಯೊಬ್ಬನು ತರಗತಿಯಲ್ಲಿಯೇ ಕೇಳಿದನು. ಉತ್ತರವಾಗಿ ನಾವೆಲ್ಲರೂ ಸೇರಿ ಅದನ್ನು ಪರೀಕ್ಷಿಸಿದೆವು. ತುಳಸಿ ಪೂಜೆಯು ಕಾರ್ತಿಕ ಶುದ್ಧ ದ್ವಾದಶಿಯಂದು ಬರುವುದರಿಂದ ಮರುದಿನ ಬೆಳದಿಂಗಳಿರಲೇಬೇಕು, ಚಂದ್ರನು ಬೆಳಗಿನ ಜಾವಕ್ಕೆ ಮುಳುಗಲೇಬೇಕು: ಇದು ಸರಿಹೋಯಿತು. ಗಾಳಿಯನ್ನು ತಿಳಿಯಲು ಬಿದಿರಿನ ತುದಿಗೆ ಬಟ್ಟೆಯ ತುಂಡನ್ನು ಕಟ್ಟಿ, ಕಾರ್ತಿಕದ ಹತ್ತು ದಿನ ಬೆಳಗು ಬೈಗು ಮಕ್ಕಳು ಕಡಲ ಕರೆಯಲ್ಲಿ ಗುರುತು ಹಾಕಿದರು. ಒಂದೆರಡು ಮೋಡದ ದಿನಗಳನ್ನು ಬಿಟ್ಟರೆ, ಬೆಳಿಗ್ಗೆ ಮೂಡಣ ಗಾಳಿ, ಅಪರಾಹ್ನ ವಾಯವ್ಯದ ಗಾಳಿ. ಹಗಲು ನೆಲವು ಕಡಲಿಗಿಂತ ಬೇಗ ಕಾಯುತ್ತದೆ, ರಾತ್ರಿ ಬೇಗ ತಣಿಯುತ್ತದೆ ಎಂಬ ಪಾಠವನ್ನು ಅವರು ಪುಸ್ತಕವಿಲ್ಲದೆ ಕಲಿತರು. ‘ಸಂಜೆಯ ಗಾಳಿ ನನ್ನ ಬಲಗೆನ್ನೆಗೆ ಹಿಂದಿನಿಂದ ಬಡಿಯುತ್ತಿತ್ತು’ ಎಂಬ ಅಮ್ಮಮ್ಮನ ಮಾತು ನಿಜವೆಂದು ಸಿದ್ಧವಾಯಿತು.

ಎರಡು ತಪ್ಪುಗಳೂ ಸಿಕ್ಕಿದುವು. ಮಂಗಳೂರನ್ನು ದಾಟಿದ ಮೇಲೆ ಕಾಪುವಿನ ದೀಪಸ್ತಂಭವನ್ನು ಕಂಡೆನೆಂದು ಅಮ್ಮಮ್ಮ ಹೇಳುತ್ತಿದ್ದರು. 1901ರಲ್ಲಿ ಕಟ್ಟಿದ ಆ ದೀಪಸ್ತಂಭವು ಇರುವುದು ಮಂಗಳೂರಿಗೆ ಬಡಗಣದಲ್ಲಿ. ಆದುದರಿಂದ ಅದನ್ನು ಕಂಡುದು ಮೊದಲೇ ಆಗಿರಬೇಕು. ಅಳಿವೆಯಲ್ಲಿ ಕಂಡ ಕೋಟೆಯನ್ನು ಅವರು ಬೇಕಲವೆನ್ನುತ್ತಿದ್ದರು. ಬೇಕಲವು ಇನ್ನೂ ತೆಂಕಣಕ್ಕಿದೆ. ಅವರು ಕಂಡುದು ಚಂದ್ರಗಿರಿಯ ಕೋಟೆ. ಎರಡೂ 17ನೆಯ ಶತಮಾನದಲ್ಲಿ ಕೆಳದಿಯ ನಾಯಕರು ಈ ಕರಾವಳಿಯನ್ನಾಳಿದ ಕಾಲದ ಕೋಟೆಗಳಾದುದರಿಂದ, ತಪ್ಪಿನಲ್ಲಿಯೂ ಒಂದು ಸಂಬಂಧವಿದ್ದಿತು. ಮಕ್ಕಳು ಭೂಪಟ ಹಿಡಿದು ಮನೆಗೆ ಬಂದು ಈ ತಪ್ಪುಗಳನ್ನು ತೋರಿಸಿದಾಗ ಅಮ್ಮಮ್ಮ ನಕ್ಕು, ‘ಹಾಗಾದರೆ ನೀವೇ ಸರಿ, ನಾನು ಆಗ ವಾಂತಿ ಮಾಡುತ್ತಿದ್ದೆನಲ್ಲ’ ಎಂದರು. ಬಾಯಿಮಾತಿನ ಚರಿತ್ರೆಯನ್ನು ಹೀಗೆ ತಿದ್ದಿಕೊಳ್ಳಬಹುದು; ತಿದ್ದಿಕೊಂಡಾಗ ಅದರ ಬೆಲೆ ಕುಗ್ಗುವುದಿಲ್ಲ, ಏರುತ್ತದೆ.

*

ಇನ್ನು ಉಳಿದುದು ಮುತ್ತಜ್ಜಿ ಕೂಗಿ ಹೇಳಿದ ಮಾತು.

ಮರುವರ್ಷದ ಕಾರ್ತಿಕದಲ್ಲಿ ಕೂಸಿಗೆ ಜ್ವರ, ಹೋಗಲಾಗಲಿಲ್ಲ. ಅದರ ಮರುವರ್ಷ ಬಡಗಣಕ್ಕೆ ಹೋಗುವ ಮಂಜಿಯು ಸಿಕ್ಕಲಿಲ್ಲ. ಸಿಕ್ಕಿದ ಒಂದರ ತಂಡೇಲನು, ಎದುರುಗಾಳಿಯಲ್ಲಿ ನಾಲ್ಕು ದಿನವಾಗಬಹುದು, ಮಕ್ಕಳಿದ್ದರೆ ಬೇಡವೆಂದನು. ಮತ್ತೆರಡು ವರ್ಷಗಳು ಹೀಗೆಯೇ ಕಳೆದುವು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಯಿತು. ಕುಂದಾಪುರವು ಮೈಸೂರು ರಾಜ್ಯಕ್ಕೂ ಕಾಸರಗೋಡು ಕೇರಳಕ್ಕೂ ಸೇರಿದುವು. ಒಂದೇ ಜಿಲ್ಲೆಯೊಳಗೆ ವರ್ಗವಾಗಿ ಬಂದಿದ್ದ ಮುತ್ತಜ್ಜ ಕುಳಿತಲ್ಲಿಯೇ ಬೇರೆ ರಾಜ್ಯದವರಾದರು. ಊರಿನಿಂದ ಬಂಧುಗಳು ಹಿಂದೆ ಬನ್ನಿರೆಂದು ಬರೆದರು. ಮುತ್ತಜ್ಜಿಯೂ ಹೋಗೋಣವೆಂದಳು. ಆ ಮನೆಯಲ್ಲಿ ಅಂದು ರಾತ್ರಿ ಒಲೆ ಹತ್ತಲಿಲ್ಲವೆಂದು ಅಮ್ಮಮ್ಮ ಹೇಳುತ್ತಾರೆ. ಮುತ್ತಜ್ಜ ಕೊನೆಗೆ ಆಡಿದ ಮಾತು ಇಷ್ಟೇ: ‘ನಾನು ಹೋದರೆ ಈ ನಲವತ್ತು ಮಕ್ಕಳಿಗೆ ಕನ್ನಡ ಹೇಳುವವರು ಯಾರು ಮಾರಾಯ್ತಿ?’ ಆ ನಲವತ್ತು ಮಕ್ಕಳಲ್ಲಿ ಮನೆಮಾತು ಕನ್ನಡವಾದವರು ಕೆಲವರು ಮಾತ್ರ. ಉಳಿದವರು ತುಳು, ಮಲೆಯಾಳ, ಕೊಂಕಣಿ, ಬ್ಯಾರಿ, ಮರಾಠಿ ಮಾತಿನವರು. ಕನ್ನಡವು ಅವರೆಲ್ಲರ ಶಾಲೆಯ ಮಾತು. ಮುತ್ತಜ್ಜಿ ಮತ್ತೆ ಆ ವಿಷಯವನ್ನೆತ್ತಲಿಲ್ಲ. ಅವಳ ತಾಯಿಯು 1958ರಲ್ಲಿ ತೀರಿಕೊಂಡರು. ಪತ್ರವು ಬಂದಾಗ ಹನ್ನೊಂದನೆಯ ದಿನವೂ ಕಳೆದಿದ್ದಿತು. ಮುತ್ತಜ್ಜಿ ಕೊನೆಯವರೆಗೆ ಕಡಲ ದಾರಿಯಲ್ಲಿ ಹಿಂದಿರುಗಲೇ ಇಲ್ಲ. ಮುತ್ತಜ್ಜನ ನಿರ್ಧಾರವನ್ನು ನಮ್ಮ ಮನೆಯಲ್ಲಿ ಎಲ್ಲರೂ ಹೊಗಳುವುದುಂಟು. ಅದಕ್ಕೆ ಬೆಲೆ ತೆತ್ತವಳು ಯಾರೆಂಬುದನ್ನು ಹೇಳುವವರು ಅಮ್ಮಮ್ಮ ಒಬ್ಬರೇ. ಅದಕ್ಕಾಗಿಯೇ ಇಲ್ಲಿ ಬರೆದಿಟ್ಟಿದ್ದೇನೆ.

ನೆಲದ ಮೇಲೆ ಗೆರೆ ಎಳೆದುದು ಇದೇ ಮೊದಲಲ್ಲ. 1799ರಲ್ಲಿ ಕನ್ನಡ ಜಿಲ್ಲೆಯು ಇಂಗ್ಲಿಷರ ವಶವಾಯಿತು. 1862ರಲ್ಲಿ ಉತ್ತರ ಕನ್ನಡವನ್ನು ಕಡಿದು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ಕುಂದಾಪುರವನ್ನು ಮಾತ್ರ ಮದ್ರಾಸಿನಲ್ಲಿಯೇ ಉಳಿಸಿಕೊಂಡರು. 1956ರ ತರುವಾಯ ಕಾಸರಗೋಡಿನ ಕನ್ನಡಿಗರು ದೀರ್ಘಕಾಲ ಚಳವಳಿ ನಡೆಸಿದರು. ಅಧ್ಯಾಪಕರೂ ಕವಿಗಳೂ ಆದ ಕಯ್ಯಾರ ಕಿಞ್ಞಣ್ಣ ರೈಗಳು ಅದರ ಮುಂದಾಳುಗಳಲ್ಲೊಬ್ಬರು. 1966ರಲ್ಲಿ ನೇಮಕವಾದ ಮಹಾಜನ ಆಯೋಗವು 1967ರ ವರದಿಯಲ್ಲಿ, ಚಂದ್ರಗಿರಿ ಹೊಳೆಯಿಂದ ಬಡಗಣ ಭಾಗವು ಮೈಸೂರಿಗೆ ಸೇರಬೇಕೆಂದು ಸೂಚಿಸಿತು. ಅದು ಜಾರಿಗೆ ಬರಲಿಲ್ಲ. 1952ರಲ್ಲಿ ನಮ್ಮವರು ಏರುನೀರಿನೊಡನೆ ಒಳಹೊಕ್ಕ ಹೊಳೆಯೇ ಅದು. ಅವರು ಕಾಲಿಟ್ಟುದು ಅದರ ಬಡಗಣ ದಡದಲ್ಲಿ. 1956ರಲ್ಲಿಯೇ ಸಂವಿಧಾನಕ್ಕೆ 350ಎ ಎಂಬ ವಿಧಿಯು ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಕರ್ಯಗಳನ್ನು ಒದಗಿಸಲು ಪ್ರತಿಯೊಂದು ರಾಜ್ಯವೂ ಯತ್ನಿಸಬೇಕೆಂದು ಅದು ವಿಧಿಸುತ್ತದೆ. ನಾನು ಇಂದು ನಿಂತಿರುವ ತರಗತಿಗೆ ಆಧಾರವಾಗಿರುವುವು ಎರಡು: ಆ ವಿಧಿ, ಮತ್ತು ಹಿಂದಿರುಗದೆ ಉಳಿದ ಅಂತಹ ಸಂಸಾರಗಳು.

ಹಾಯಿಯ ಕಾಲವೂ ಮುಗಿಯಿತು. ಹೊಳೆಗಳಿಗೆ ಸೇತುವೆಗಳು ಬಂದುವು. ಹೆಂಚನ್ನು ಲಾರಿಗಳು ಹೊತ್ತುವು. ದೋಣಿಗಳಿಗೆ ಯಂತ್ರಗಳು ಬಂದುವು. 1974ರಲ್ಲಿ ಪಣಂಬೂರಿನ ನವಮಂಗಳೂರು ಬಂದರವು ದೇಶದ ದೊಡ್ಡ ಬಂದರಗಳ ಸಾಲಿಗೆ ಸೇರಿತು. 1998ರ ಜನವರಿ 26ರಂದು ಕೊಂಕಣ ರೈಲುದಾರಿಯು ಪೂರ್ಣವಾಗಿ ತೆರೆಯಿತು. ಎರಡು ರಾತ್ರಿಗಳ ದಾರಿಯು ಈಗ ಕೆಲವೇ ಗಂಟೆಗಳದು. ಆ ರೈಲಿನಲ್ಲಿಯೇ ಅಮ್ಮಮ್ಮನನ್ನು ನಾನೊಮ್ಮೆ ಕುಂದಾಪುರಕ್ಕೆ ಕರೆದೊಯ್ದೆ. ಅಲ್ಲಿಂದ ಗಂಗೊಳ್ಳಿಗೆ ಹೋದೆವು. ಬಂದರದ ಕಟ್ಟೆಯ ಮೇಲೆ ಅವರು ಬಹಳ ಹೊತ್ತು ಮಾತನಾಡದೆ ನಿಂತಿದ್ದರು. ಬಳಿಕ ಚೀಲದಿಂದ ತುಳಸಿಯ ಒಂದು ಕುಡಿಯನ್ನು ತೆಗೆದು ನೀರಿಗೆ ಬಿಟ್ಟರು. ಮಂಜಿಯಲ್ಲಿ ಬಂದ ಗಿಡದ ಬೀಜದ ಬೀಜದಿಂದ ಬೆಳೆದ ತುಳಸಿ ಅದು.

ಅಧ್ಯಾಪಕ ಬಂಧುಗಳಲ್ಲಿ ನನ್ನದೊಂದು ಅರಿಕೆ. ನಿಮ್ಮ ಶಾಲೆಯ ಒಂದೊಂದು ಮಗುವಿನ ಮನೆಯಲ್ಲಿಯೂ ಇಂತಹ ಒಂದು ಪಯಣದ ನೆನಪು ಇದ್ದೇ ಇರುತ್ತದೆ: ಕಡಲ ಮೇಲೆ, ಎತ್ತಿನ ಗಾಡಿಯಲ್ಲಿ, ಘಟ್ಟದ ಕಾಲುದಾರಿಯಲ್ಲಿ. ಹಿರಿಯರು ಇರುವಾಗಲೇ ಮಕ್ಕಳಿಂದ ಕೇಳಿಸಿರಿ, ಬರೆಯಿಸಿರಿ. ತಿಥಿಯನ್ನು ಪಂಚಾಂಗದೊಡನೆ, ದಾರಿಯನ್ನು ಭೂಪಟದೊಡನೆ, ಗಾಳಿಯನ್ನು ಗಾಳಿಯೊಡನೆ ಹೋಲಿಸಿ ನೋಡಿಸಿರಿ. ವಿದ್ಯಾರ್ಥಿ ಮಿತ್ರರೇ, ಕೇಳುವಾಗ ಅಜ್ಜನನ್ನು ಮಾತ್ರವಲ್ಲ, ಅಜ್ಜಿಯನ್ನೂ ಕೇಳಿರಿ.

ಆ ಸ್ಲೇಟು ಈಗಲೂ ನಮ್ಮ ಮನೆಯಲ್ಲಿದೆ. ಒಂದು ಮೂಲೆಯು ಮುರಿದಿದೆ. ಅದರಲ್ಲಿ ಅಂದು ಬರೆದ ತಂಡೇಲನ ಹೆಸರು ಏನೆಂದು ಕೇಳಿದರೆ, ಅಮ್ಮಮ್ಮನಿಗೆ ನೆನಪಿಲ್ಲ. ‘ಬರೆದದ್ದು ನೆನಪಿದೆ ಮಗಾ, ಹೆಸರು ಕಡಲ ನೀರಿಗೆ ಅಳಿಸಿಹೋಯಿತು’ ಎನ್ನುತ್ತಾರೆ.